ನದೀತೀರದ ಉಗ್ರಾಣಗಳು



ಸರಕಿನ ವಾಸಕ್ಕೆಂದು ಕಟ್ಟಿದ ಆಲಯದಲ್ಲಿ ಮನುಷ್ಯರು ಸಂಸಾರ ಹೂಡಿದಾಗ ಅದರಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬ ವಿಚಾರವನ್ನು, ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ತೀರದಲ್ಲಿ ಟವರ್ ಸೇತುವೆಯ ಮಗ್ಗುಲಿಗಿರುವ ಬಟ್ಲರ್ಸ್ ವಾರ್ಫ್ ಎಂಬ ಉಗ್ರಾಣಸಮೂಹವನ್ನು ಮುಂದಿಟ್ಟುಕೊಂಡು ವಿವೇಚಿಸಬೇಕೆಂದಿದ್ದೇನೆ. ಮೈಸೂರು ಕೊಡಗುಗಳ ತೋಟದ ಕಾಫಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನಿಂದ ಹಡಗೇರಿ ಆ ಮಹಾನಗರದ ಪೇಟೆಯನ್ನು ಸೇರುತ್ತಿದ್ದಿತಾದುದರಿಂದ, ಆ ನದಿಯ ದಡ ನಮಗೆ ತೀರ ಪರಕೀಯವೇನೂ ಅಲ್ಲ.

1861ರ ಜೂನ್ 22ರಂದು ಅಲ್ಲಿಗೆ ಸಮೀಪದ ಟೂಲಿ ಬೀದಿಯ ಉಗ್ರಾಣಗಳಲ್ಲಿ ಹುಟ್ಟಿದ ಬೆಂಕಿ, ಹತ್ತಿ, ಸೆಣಬು, ಸಂಬಾರಪದಾರ್ಥಗಳನ್ನು ಒಂದಾದ ಮೇಲೊಂದರಂತೆ ಆಹುತಿಗೊಂಡು, ಅಗ್ನಿಶಾಮಕದಳದ ನಾಯಕನಾದ ಜೇಮ್ಸ್ ಬ್ರೇಡ್‌ವುಡ್ಡನನ್ನು ಕುಸಿದ ಗೋಡೆಯಡಿ ಬಲಿತೆಗೆದುಕೊಂಡು, ಎರಡು ವಾರಗಳವರೆಗೂ ಆರದೆ ಉರಿಯಿತು. ಅದಾದ ಹತ್ತು ವರ್ಷಗಳಿಗೆ, 1871ರಿಂದ 1873ರೊಳಗೆ, ಬಟ್ಲರ್ಸ್ ವಾರ್ಫ್ ಎದ್ದುನಿಂತಿತು. ದಪ್ಪನೆಯ ಇಟ್ಟಿಗೆಗೋಡೆ, ಬೀಡುಕಬ್ಬಿಣದ ಕಂಬ, ಭಾರವನ್ನು ಎತ್ತಿಕೊಳ್ಳಲು ಪ್ರತಿಯೊಂದು ಅಂತಸ್ತಿನಲ್ಲಿಯೂ ನೀರಿನ ಕಡೆಗೆ ತೆರೆದ ಅಗಲವಾದ ಬಾಗಿಲು. ಹಿಂಬದಿಯಲ್ಲಿ ಷ್ಯಾಡ್ ಥೇಮ್ಸ್ ಎಂಬ ಇಕ್ಕಟ್ಟಾದ ಬೀದಿ. ಆ ಬೀದಿಯ ನೆತ್ತಿಯ ಮೇಲೆ, ನದಿಯ ಬದಿಯ ಉಗ್ರಾಣದಿಂದ ಒಳಗಣ ಉಗ್ರಾಣಕ್ಕೆ ಪೀಪಾಯಿಗಳನ್ನು ಉರುಳಿಸಿಕೊಂಡು ಹೋಗಲು ಹೆಣೆದ ಕಬ್ಬಿಣದ ಕಾಲುಸೇತುವೆಗಳು: ಇವೆಲ್ಲವೂ ದುಡಿಮೆಯ ಅವಶ್ಯಕತೆಯಿಂದಲೇ ಹುಟ್ಟಿದವು. ಅಲಂಕಾರವೆಂಬುದನ್ನು ಅವುಗಳ ನಿರ್ಮಾತೃಗಳು ಹುಡುಕಿಕೊಂಡು ಹೋದವರಲ್ಲ, ಆದರೂ ಆ ಸೇತುವೆಗಳ ಜಾಲದಲ್ಲಿರುವ ಸೌಂದರ್ಯ ಅನೇಕ ಅರಮನೆಗಳಿಗಿಲ್ಲವೆಂದು ನಾನು ನಂಬಿದ್ದೇನೆ. ಚಹಾ, ದಾಲ್ಚಿನ್ನಿ, ಲವಂಗ, ಏಲಕ್ಕಿಗಳು ಅಲ್ಲಿ ತುಂಬಿದ್ದುವು. ಅವುಗಳ ಹೆಸರೇ ಇಂದು ಆ ಕಟ್ಟಡಗಳಿಗೆ ಅಂಟಿಕೊಂಡಿದೆ.

ಸರಕನ್ನು ಉಕ್ಕಿನ ಪೆಟ್ಟಿಗೆಯಲ್ಲಿಯೇ ಸಾಗಿಸುವ ಪದ್ಧತಿ ಬಂದು, ಆಳವಾದ ನೀರನ್ನು ಬಯಸುವ ಹಿರಿಯ ಹಡಗುಗಳು ನದಿಯ ಕೆಳಭಾಗದ ಟಿಲ್ಬರಿಯಲ್ಲಿಯೇ ನಿಂತುಬಿಟ್ಟುದರಿಂದ, ಮೇಲಿನ ಧಕ್ಕೆಗಳು ಒಂದೊಂದಾಗಿ ಬರಿದಾದುವು. 1972ರಲ್ಲಿ ಬಟ್ಲರ್ಸ್ ವಾರ್ಫ್ ಮುಚ್ಚಿತು. ಆ ವರ್ಷವೇ ಎದುರು ದಡದ ವಾಪಿಂಗಿನಲ್ಲಿ 1870ರ ಆಲಿವರ್ಸ್ ವಾರ್ಫ್ ವಾಸಗೃಹಗಳಾಗಿ ಮಾರ್ಪಟ್ಟು, ಮುಂದಿನವರಿಗೆ ದಾರಿ ತೋರಿತು. ಬಟ್ಲರ್ಸ್ ವಾರ್ಫಿನ ಖಾಲಿ ಅಂತಸ್ತುಗಳಲ್ಲಿ ಕೆಲಕಾಲ ಕಲಾವಿದರು ನೆಲಸಿದರು. 1980ರ ದಶಕದಲ್ಲಿ ಟೆರೆನ್ಸ್ ಕಾನ್ರನ್ ಎಂಬ ವಿನ್ಯಾಸಕಾರರ ಮುಂದಾಳುತನದಲ್ಲಿ ಅದು ಫ್ಲಾಟುಗಳೂ ಭೋಜನಶಾಲೆಗಳೂ ಆಯಿತು.

ಉಗ್ರಾಣಕ್ಕೆ ಬೆಳಕು ಬೇಕಿರಲಿಲ್ಲ, ಮನೆಗೆ ಬೇಕು. ಆದುದರಿಂದ ಇಂತಹ ಪರಿವರ್ತನೆಯಲ್ಲಿ ಕಟ್ಟಡದ ಒಡಲಿನ ಕತ್ತಲೆಯೇ ವಾಸ್ತುಶಿಲ್ಪಿಗೆ ಮೊದಲ ತೊಡಕು. ಮೂಟೆ ಏರುತ್ತಿದ್ದ ಬಾಗಿಲಿನ ಮುಂದೆ ಈಗ ಮೊಗಸಾಲೆ ಚಾಚಿದೆ. ಕೆಡಹಿಬಿಡುವುದಕ್ಕಿಂತ ಇದು ಸಹಸ್ರಪಾಲು ಮೇಲೆಂಬುದನ್ನು ನಾನು ನಿಸ್ಸಂದೇಹವಾಗಿ ಹೇಳುವೆನು. ಆದರೆ ನದಿಯ ನೋಟಕ್ಕೆ ಬೆಲೆ ಕಟ್ಟಿದ ಮೇಲೆ, ತಲೆಮಾರುಗಳಿಂದ ಅದೇ ದಡದಲ್ಲಿ ಭಾರ ಹೊತ್ತ ಹಮಾಲರ ಮಕ್ಕಳು ಆ ಮನೆಗಳನ್ನು ಕೊಳ್ಳಲಾರದೆ ಹೋದರು. ಇಟ್ಟಿಗೆಯನ್ನು ಕಾನೂನು ಕಾಪಾಡೀತು. ಆ ಮೆಟ್ಟಿಲುಗಳನ್ನು ಸವೆಸಿದವರ ಜೀವನವನ್ನು ಕಾಪಾಡಲು ಯಾವ ಕಾನೂನೂ ಸಾಲದು.

ಮಂಗಳೂರಿನ ಹಳೆಯ ಬಂದರಿನಲ್ಲಿ ಹೆಂಚಿನ ಮಾಡಿನ ವಖಾರಿಗಳು ಇನ್ನೂ ನಿಂತಿವೆ. ಅವುಗಳಿಗೆ ಹೊಸ ಬಾಳು ಕೊಡುವ ಯೋಜನೆಯನ್ನು ಯಾರೇ ಕೈಗೊಳ್ಳಲಿ, ನಕ್ಷೆ ಬರೆಯುವ ಮೊದಲು ಅಲ್ಲಿ ಮೂಟೆ ಹೊತ್ತ ವೃದ್ಧರನ್ನು ಕಂಡು ಅವರ ಮಾತನ್ನು ಬರೆದಿಡಬೇಕೆಂದೂ, ನೀರಿನ ಅಂಚಿನ ದಾರಿಯನ್ನು ಸರ್ವರಿಗೂ ತೆರೆದಿಡಬೇಕೆಂದೂ ಈ ಸಭೆಯಲ್ಲಿರುವ ವಾಸ್ತುಶಿಲ್ಪಿಗಳನ್ನೂ ನಗರಸಭಾಸದಸ್ಯರನ್ನೂ ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ.