ಇರುವುದು ಬೇರೆ, ಇರುವ ಹಕ್ಕು ಬೇರೆ



ನಿಮ್ಮಲ್ಲಿ ಶಿಕಾರಿಪುರ, ಸೊರಬದ ಕಡೆಯವರಿಗೆ ‘ಹಕ್ಕುಪತ್ರ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಗರ್‌ಹುಕುಂ ಸಾಗುವಳಿ ಮಾಡಿದವರು, ತಾಂಡಾಗಳಲ್ಲಿ ಮನೆ ಕಟ್ಟಿಕೊಂಡವರು ಆ ಒಂದು ಕಾಗದಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುವುದನ್ನು ನೀವು ಕಂಡಿರುತ್ತೀರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು ಕಳೆದುಕೊಂಡ ಶರಾವತಿ ಸಂತ್ರಸ್ತರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ, ಅರುವತ್ತು ವರ್ಷ ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಒಂದು ಜಾಗದಲ್ಲಿ ಇರುವುದು ಬೇರೆ. ಅಲ್ಲಿ ಇರುವ ಹಕ್ಕು ಪಡೆಯುವುದು ಬೇರೆ. ನಮ್ಮ ಜಿಲ್ಲೆಯೊಳಗೇ ಹೀಗಾದರೆ, ಓದಿಗೋ ಉದ್ಯೋಗಕ್ಕೋ ಪರದೇಶಕ್ಕೆ ಹೋದವರ ಪಾಡೇನು? ಇಂದು ಅದನ್ನು ವಿಚಾರ ಮಾಡೋಣ.

ಮೊದಲು ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ವೀಸಾ ಎಂದರೆ ಒಂದು ಉದ್ದೇಶಕ್ಕಾಗಿ, ಒಂದು ಅವಧಿಯವರೆಗೆ ದೊರೆಯುವ ಅನುಮತಿ. ಕಾಯಂ ವಾಸದ ಹಕ್ಕು ಎಂದರೆ ಆ ದೇಶದಲ್ಲಿ ನೆಲೆಸಿ ದುಡಿಯುವ ಹಕ್ಕು. ಅಮೆರಿಕದ ‘ಗ್ರೀನ್ ಕಾರ್ಡ್’ ಇದೇ. ಇದು ದೊರೆತವರು ಭಾರತದ ಪೌರರಾಗಿಯೇ ಉಳಿಯುತ್ತಾರೆ. ಮೂರನೆಯದು ಪೌರತ್ವ. ಬೇರೆ ದೇಶದ ಪೌರತ್ವವನ್ನು ತಾವಾಗಿ ಸ್ವೀಕರಿಸಿದವರು ನಮ್ಮ ಕಾನೂನಿನ ಪ್ರಕಾರ ಭಾರತದ ಪೌರರಾಗಿ ಉಳಿಯುವುದಿಲ್ಲ.

ಕಾಯಂ ವಾಸಕ್ಕೆ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಉದ್ಯೋಗ. ಅಮೆರಿಕದಲ್ಲಿ ಬಹುಮಟ್ಟಿಗೆ ಉದ್ಯೋಗ ಕೊಡುವ ಸಂಸ್ಥೆಯೇ ನಿಮ್ಮ ಪರವಾಗಿ ಅರ್ಜಿ ಹಾಕಬೇಕು. ಈ ಬಗೆಯ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡಾ 7ರ ಮಿತಿ. ಚಿಕ್ಕ ದೇಶಕ್ಕೂ ಭಾರತಕ್ಕೂ ಮಿತಿ ಒಂದೇ ಆದ್ದರಿಂದ ನಮ್ಮವರ ಸರದಿ ಬಹಳ ಉದ್ದ. ಕಾಯುತ್ತಿರುವಾಗ ಮಕ್ಕಳಿಗೆ 21 ವರ್ಷ ದಾಟಿದರೆ, ಅವರು ತಂದೆತಾಯಿಯ ಅರ್ಜಿಯಿಂದ ಹೊರಗುಳಿಯುವ ಸಂಭವವೂ ಉಂಟು.

ಎರಡನೆಯದು ಅರ್ಹತೆಯ ಅಂಕ. ಕೆನಡಾ ದೇಶ 2015ರ ಜನವರಿಯಿಂದ ವಯಸ್ಸು, ವಿದ್ಯೆ, ಭಾಷೆ, ಕೆಲಸದ ಅನುಭವ ಇವುಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕದವರನ್ನು ಕರೆಯುತ್ತಿದೆ. ಜರ್ಮನಿಯಲ್ಲಿ ಅಂಕವಲ್ಲ, ಭಾಷೆಯೇ ಅವಧಿಯನ್ನು ತಗ್ಗಿಸುತ್ತದೆ. ‘ಬ್ಲೂ ಕಾರ್ಡ್’ ಪಡೆದ ಪದವೀಧರರು ಜರ್ಮನ್ ಭಾಷೆಯ ಮೊದಲ ಮೆಟ್ಟಿಲು ಹತ್ತಿದ್ದರೆ 27 ತಿಂಗಳಿಗೆ, ಇನ್ನೂ ಚೆನ್ನಾಗಿ ಕಲಿತಿದ್ದರೆ 21 ತಿಂಗಳಿಗೆ ಕಾಯಂ ವಾಸ ಕೇಳಬಹುದು.

ಮೂರನೆಯದು ಬಂಧುತ್ವ: ಗಂಡ, ಹೆಂಡತಿ, ತಂದೆತಾಯಿ, ಮಕ್ಕಳ ಮೂಲಕ ಬರುವ ಹಕ್ಕು.

ನಾಲ್ಕನೆಯದು ಆಶ್ರಯ, ಅಂದರೆ ಜೀವಭಯದಿಂದ ಓಡಿಬಂದವರಿಗೆ ಸಿಗುವ ರಕ್ಷಣೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಸೊರಬದ ಉತ್ತರಕ್ಕೆ, ಉತ್ತರ ಕನ್ನಡದ ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರಿಗೆ ಭೂಮಿ ಸಿಕ್ಕಿತು, ಶಾಲೆ ಸಿಕ್ಕಿತು. ಆದರೆ ಕಾನೂನಿನ ಕಣ್ಣಿನಲ್ಲಿ ಬಹುಮಂದಿ ವಿದೇಶೀಯರೇ. ನೋಂದಣಿ ಪತ್ರವನ್ನು ಆಗಾಗ್ಗೆ ನವೀಕರಿಸುತ್ತಿರಬೇಕು. ಇವರಲ್ಲಿ ಕೆಲವರಿಗೆ ಬೇರೊಂದು ಬಾಗಿಲು ತೆರೆಯಿತು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪೌರರು ಎನ್ನುತ್ತದೆ ನಮ್ಮ ಪೌರತ್ವ ಕಾಯಿದೆ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಪೌರಳು, 1988ರಲ್ಲಿ ಹುಟ್ಟಿದ ತಮ್ಮ ವಿದೇಶೀಯ ಎಂದಾಗುವುದೂ ಸಾಧ್ಯ. ಒಂದು ದಿನಾಂಕದ ತೂಕ ಎಷ್ಟೆಂದು ಯೋಚಿಸಿ.

ಈ ನಾಲ್ಕು ದಾರಿ ಎಲ್ಲ ದೇಶಗಳಲ್ಲೂ ಇಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಸಾಮಾನ್ಯ ಕೆಲಸಗಾರರು ಎಷ್ಟು ವರ್ಷ ದುಡಿದರೂ ಕಾಯಂ ವಾಸದ ಹಕ್ಕು ತಾನಾಗಿ ಬರುವುದಿಲ್ಲ. ಇರುವ ದಾರಿಗಳೂ ಬದಲಾಗುತ್ತವೆ: ಐದು ವರ್ಷಕ್ಕೆ ಸಿಗುತ್ತಿದ್ದ ಹಕ್ಕಿಗೆ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕೆಂಬ ಯೋಜನೆಯನ್ನು ಬ್ರಿಟನ್ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆದ್ದರಿಂದ ‘ಹೋದರೆ ಸಾಕು, ಆಮೇಲೆ ಹೇಗೋ ಆಗುತ್ತದೆ’ ಎನ್ನುವವರ ಮಾತು ನಂಬಬೇಡಿ. ವಿದ್ಯಾರ್ಥಿ ವೀಸಾ ಓದಲು ಕೊಟ್ಟ ಅನುಮತಿ, ನೆಲೆಸಲು ಕೊಟ್ಟ ಭರವಸೆಯಲ್ಲ. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವ ಏಜೆಂಟನ ಹೆಸರು ಭಾರತ ಸರ್ಕಾರದ ‘ಇ-ಮೈಗ್ರೇಟ್’ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ. ಅಪ್ಪ ಅಡಿಕೆ ತೋಟ ಅಡವಿಡುವ ಮುಂಚೆ ಇದನ್ನು ನೋಡಬೇಕು, ಆಮೇಲಲ್ಲ.

ತೋಟದ ಮಾತು ಬಂದಿತು, ಇದೊಂದು ತಿಳಿದಿರಲಿ. ವಿದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ 2005ರಿಂದ ಓಸಿಐ ಎಂಬ ಕಾರ್ಡು ಇದೆ. ಅದರಿಂದ ವೀಸಾ ಇಲ್ಲದೆ ಬಂದುಹೋಗಬಹುದು. ಆದರೆ ಮತದಾನವಿಲ್ಲ, ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದ ಭೂಮಿಯನ್ನು ಇಟ್ಟುಕೊಳ್ಳಬಹುದು.

ಮಿತ್ರರೇ, ಹೊರಡುವುದು ತಪ್ಪಲ್ಲ, ಉಳಿಯುವುದು ಹೆಡ್ಡತನವಲ್ಲ. ಹೊರಡುವುದಾದರೆ ಜನನ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್ ಇವುಗಳಲ್ಲಿ ಹೆಸರು, ದಿನಾಂಕ ಒಂದೇ ರೀತಿ ಇರುವಂತೆ ಈಗಲೇ ನೋಡಿಕೊಳ್ಳಿ. ಹೋಗುವ ದೇಶದ ಭಾಷೆ ಕಲಿಯಿರಿ. ಇನ್ನೊಂದು ಮಾತು: ನಮ್ಮ ಊರಿಗೆ ದುಡಿಯಲು ಬಂದವರನ್ನು ಕಂಡಾಗ, ಹಕ್ಕುಪತ್ರಕ್ಕಾಗಿ ಕಾದ ನಮ್ಮ ಹಿರಿಯರನ್ನು ನೆನೆಯಿರಿ. ಅವರೂ ನಿಲ್ಲಲು ಒಂದು ನೆಲೆ ಹುಡುಕುತ್ತಿದ್ದಾರೆ.