ಭಾರ ಯಾವ ಕಾಲಿನ ಮೇಲಿದೆ?

ನಾನೂ ನನ್ನ ಹೆಂಡತಿಯೂ ಬಹುಕಾಲದಿಂದ ಜೂಡೋ ಅಭ್ಯಾಸ ಮಾಡುವವರು. ಈಚೆಗೆ ಇಬ್ಬರೂ ಟ್ಯಾಂಗೋ ನೃತ್ಯ ಕಲಿಯಲು ಸೇರಿಕೊಂಡೆವು. ಕಾಲರು ಹಿಡಿದು ಎಳೆದು ಪಳಗಿದ ಕೈಗೆ ಅಪ್ಪುಗೆ ಸುಲಭವಾಗಲಿಲ್ಲ. ಅವಳ ಬೆನ್ನ ಮೇಲಿಟ್ಟ ಅಂಗೈ ತಾನಾಗಿಯೇ ಬಿಗಿಯಾಗುತ್ತಿತ್ತು. "ತಳ್ಳಬೇಡಿ, ನಾನೇ ಬರ್ತೀನಿ" ಎಂದಳು.

ಜಪಾನಿನ ಕಾನೊ ಜಿಗೊರೊ 1882ರಲ್ಲಿ ಕಟ್ಟಿದ ಜೂಡೋದ ಹೆಸರಿನಲ್ಲೇ 'ಜು' ಇದೆ. ಮೃದು, ಮಣಿಯುವುದು ಎಂದು ಅದರ ಅರ್ಥ. ಎದುರಿನವರ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಹಿಡಿತದಿಂದಲೇ ಅರಿಯುವುದು ಅಲ್ಲಿನ ದೊಡ್ಡ ಪಾಠ. ಬ್ಯೂನಸ್ ಐರಿಸ್, ಮಾಂಟೆವಿಡಿಯೊಗಳ ಬಡಬಗ್ಗರ ನಡುವೆ ಬೆಳೆದ ಟ್ಯಾಂಗೋ ಕೇಳುವುದೂ ಅದನ್ನೇ. ಆದರೆ ಜೂಡೋದಲ್ಲಿ ಆ ಅರಿವಿನಿಂದ ಇನ್ನೊಬ್ಬರ ಸಮತೋಲನ ಕೆಡಿಸುತ್ತೇವೆ, ಇಲ್ಲಿ ಅದನ್ನು ಕಾಯುತ್ತೇವೆ. ಅವಳ ಭಾರ ಎಡಗಾಲಿಗೆ ಪೂರ್ತಿ ಇಳಿಯುವವರೆಗೆ ನಾನು ನಿಲ್ಲಬೇಕು. ಅರೆಕ್ಷಣ, ಅಷ್ಟೇ. ಆ ಅರೆಕ್ಷಣ ಕಲಿಯಲು ನನಗೆ ವಾರಗಳೇ ಹಿಡಿದವು. ಈಗ ಅವಳ ಉಸಿರು ನನ್ನ ಅಂಗೈಗೆ ತಿಳಿಯುತ್ತದೆ.

ಇವತ್ತು ಸಂಜೆ ನಿಮ್ಮ ಮನೆಯವರ ಕೈಹಿಡಿದು ಹತ್ತು ಹೆಜ್ಜೆ ನಡೆದು ನೋಡಿ. ಅವರ ಪಾದ ನೆಲದ ಮೇಲೆ ನೆಲೆನಿಂತ ಮೇಲೆಯೇ ನಿಮ್ಮದನ್ನು ಎತ್ತಿ.