ಬ್ಯಾಲೆನ್ಸ್ ರಾಡ್ ಕಳಚಿದ ದಿನ: ಬಸವಕಲ್ಯಾಣದ ಲೇಥ್‌ನಿಂದ ಒಂದು ತಪ್ಪೊಪ್ಪಿಗೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಬಸವಕಲ್ಯಾಣದವನು. ಡಿಪ್ಲೊಮಾ ಓದಿದ್ದೀನಿ, ಅಪ್ಪನ ಲೇಥ್ ಅಂಗಡಿಯಲ್ಲೇ ಕೆಲಸ. ಇವತ್ತು ಹೇಳೋದು ನಾನೇ ಮಾಡಿದ ಒಂದು ಸಾಮಾನಿನ ಕಥೆ. ಅದನ್ನು ಮಾಡುವಾಗ ಭಾಳ ಹೆಮ್ಮೆ ಇತ್ತು. ಈಗ ಇಲ್ಲ. ಗಾಡಿ ಹುಚ್ಚು ಇರುವವರು ಕೊನೆಯವರೆಗೂ ಕೇಳಿ, ಯಾಕಂದ್ರೆ ಕೊನೆಯಲ್ಲಿ ಒಬ್ಬನಿಗೆ ನೇರವಾಗಿ ಒಂದು ಮಾತು ಹೇಳೋದಿದೆ.

ಮೊದಲು ಸಾಮಾನು ಯಾವುದು ಅಂತ ಹೇಳ್ತೀನಿ. ಗಾಡಿಯ ಕೆಳಗೆ ಬಗ್ಗಿ ನೋಡಿದ್ರೆ ಎಡ ಚಕ್ರದಿಂದ ಬಲ ಚಕ್ರದವರೆಗೆ ಅಡ್ಡಲಾಗಿ ಬಾಗಿರುವ ಒಂದು ಕಬ್ಬಿಣದ ಸರಳು ಕಾಣುತ್ತೆ. ಪುಸ್ತಕದಲ್ಲಿ ಅದು ಆ್ಯಂಟಿ ರೋಲ್ ಬಾರ್, ಅಮೆರಿಕದವರು ಸ್ವೇ ಬಾರ್ ಅಂತಾರೆ, ನಮ್ಮ ಮೇಸ್ತ್ರಿಗಳ ಬಾಯಲ್ಲಿ ಬ್ಯಾಲೆನ್ಸ್ ರಾಡ್. ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸೋದು ಲಿಂಕ್ ರಾಡ್ ಅನ್ನೋ ಗೇಣುದ್ದದ ತುಂಡು.

ಇದರ ಕೆಲಸ ಏನು? ಮನೆಯಲ್ಲಿ ಇಬ್ಬರು ಸೇರಿ ಒದ್ದೆ ಚಾದರ ಹಿಂಡೋದನ್ನು ನೆನಪಿಸಿಕೊಳ್ಳಿ. ಇಬ್ಬರೂ ಒಂದೇ ದಿಕ್ಕಿಗೆ ತಿರುಗಿಸಿದ್ರೆ ಚಾದರಕ್ಕೆ ಏನೂ ಆಗಲ್ಲ. ಒಬ್ಬರು ಆ ಕಡೆ, ಒಬ್ಬರು ಈ ಕಡೆ ತಿರುಗಿಸಿದ್ರೆ ಬಿಗಿಯುತ್ತೆ. ಬ್ಯಾಲೆನ್ಸ್ ರಾಡ್ ಕೂಡ ಹಾಗೇ. ಎರಡೂ ಚಕ್ರ ಒಟ್ಟಿಗೆ ಸ್ಪೀಡ್ ಬ್ರೇಕರ್ ಹತ್ತಿದ್ರೆ ಅದು ಸುಮ್ಮನಿರುತ್ತೆ. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಿದಾಗ ಹುರಿಗೊಂಡು, ವಾಲದಂತೆ ಎಳೆದು ಹಿಡಿಯುತ್ತೆ. ದಪ್ಪ ಸ್ವಲ್ಪ ಬದಲಾದ್ರೂ ಬಿಗಿ ಭಾಳ ಬದಲಾಗುತ್ತೆ. 22 ಮಿ.ಮೀ. ಸರಳಿನ ಜಾಗದಲ್ಲಿ ಅದೇ ಆಕಾರದ 25 ಮಿ.ಮೀ. ಸರಳು ಹಾಕಿದ್ರೆ ಬಿಗಿ ಸುಮಾರು 1.67 ಪಟ್ಟು ಆಗುತ್ತೆ.

ರಸ್ತೆ ಮೇಲೆ ಇದು ದೇವರು. ಕಲ್ಲುಗುಂಡಿಯಲ್ಲಿ ಇದೇ ಅಡ್ಡಿ. ಅಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ತಗ್ಗಿನಲ್ಲಿ ಇರಬೇಕು. ರಾಡ್ ಅದಕ್ಕೆ ಬಿಡಲ್ಲ. ಒಂದು ಚಕ್ರ ಗಾಳಿಯಲ್ಲಿ ನಿಂತು ಸುಮ್ಮನೆ ತಿರುಗುತ್ತೆ. ಅದಕ್ಕೇ ಆಫ್ ರೋಡ್ ಮಾಡುವವರು ಲಿಂಕ್ ಕಳಚಿ, ಆಟ ಮುಗಿದ ಮೇಲೆ ಮತ್ತೆ ಹಾಕ್ತಾರೆ. ಬೇಗ ಕಳಚೋಕೆ ಪಿನ್ ಇರುವ ಲಿಂಕ್ ಹಾಕ್ತಾರೆ. ಅದಕ್ಕೆ ಡಿಸ್‌ಕನೆಕ್ಟ್ ಅಂತ ಹೆಸರು.

ನಾನು ಮಾಡಿದ್ದು ಅದನ್ನೇ. ನನ್ನ ಗಾಡಿ ಸೆಕೆಂಡ್ ಹ್ಯಾಂಡ್, ಮುಂದೆ ಹಿಂದೆ ಎರಡೂ ಕಡೆ ಇಡೀ ಆಕ್ಸಲ್ ಇರುವಂಥದ್ದು. ಯಾವ ಕಂಪನಿ ಅಂತ ಹೇಳಲ್ಲ, ತಪ್ಪು ಗಾಡಿಯದಲ್ಲ. ವಿಡಿಯೋ ನೋಡಿದೆ, ಅಳತೆ ತಗೊಂಡೆ. ನಮ್ಮ ಕಡೆ ಟ್ರ್ಯಾಕ್ಟರ್ ಸಾಮಾನಿಗೆ ಏನು ಕೊರತೆ? ಟ್ರ್ಯಾಕ್ಟರ್‌ಗೆ ಹಾಕುವ ರಿಂಗ್ ಇರುವ ಪಿನ್ ತಂದೆ. ರಾಡ್‌ನ ತುದಿಯನ್ನು ಲೇಥ್‌ನಲ್ಲಿ ನುಣ್ಣಗೆ ಕಡೆದೆ, ಬುಶ್ ಕೂರೋಕೆ ಒಂದು ಪೈಪ್ ತುಂಡನ್ನು ಆ ತುದಿಗೆ ವೆಲ್ಡ್ ಮಾಡಿದೆ, ಗ್ರೈಂಡರ್ ಹೊಡೆದು ಕಪ್ಪು ಬಣ್ಣ ಬಳಿದೆ. ನೋಡೋಕೆ ಅಂಗಡಿ ಮಾಲಿನ ಹಾಗೇ ಇತ್ತು. ಖರ್ಚು ಸಾವಿರ ರೂಪಾಯಿ ಒಳಗೆ. ಅಪ್ಪ ಊರಲ್ಲಿ ಇರಲಿಲ್ಲ. ಫೋಟೋ ಹಾಕಿದ್ದೇ ತಡ, ಇಬ್ಬರು ಗೆಳೆಯರು ತಮಗೂ ಬೇಕು ಅಂದ್ರು. ಅವರಿಗೂ ಒಂದೊಂದು ಜೋಡಿ ಮಾಡಿಕೊಟ್ಟೆ.

ಒಂದು ಭಾನುವಾರ ಹುಮನಾಬಾದ್ ಕಡೆಯ ಹಳೆಯ ಕೆಂಪುಕಲ್ಲಿನ ಖಣಿಗೆ ಹೋದ್ವಿ. ಎರಡೂ ಪಿನ್ ಕಳಚಿದೆ. ನಿಜ ಹೇಳ್ತೀನಿ, ಗಾಡಿ ಬೆಕ್ಕಿನ ಹಾಗೆ ಕಲ್ಲು ಹತ್ತಿತು. ವಿಡಿಯೋ ಮಾಡಿದ್ವಿ, ಕೂಗಾಡಿದ್ವಿ. ಸಂಜೆ ಪಿನ್ ಹಾಕೋಕೆ ಕೂತೆ. ಬಲಗಡೆಯದು ಕೂತಿತು. ಎಡಗಡೆಯದು ಕೂರಲಿಲ್ಲ. ನೆಲ ಸಮ ಇಲ್ಲದ ಕಡೆ ತೂತಿಗೆ ತೂತು ಸೇರಲ್ಲ ಅನ್ನೋದು ಆಗ ಗೊತ್ತಾಯ್ತು. ಕತ್ತಲಾಗ್ತಿತ್ತು. ನೇತಾಡ್ತಿದ್ದ ಎಡಗಡೆಯ ಲಿಂಕನ್ನು ಬೈಂಡಿಂಗ್ ವೈರ್‌ನಿಂದ ಚಾಸಿಗೆ ಕಟ್ಟಿದೆ. ಒಂದು ಕಡೆ ಹಾಕಿದ್ದೀವಿ, ಅರ್ಧ ಕೆಲಸ ಆದ್ರೂ ಮಾಡುತ್ತೆ ಅಂದುಕೊಂಡೆ.

ಇಲ್ಲೇ ದೊಡ್ಡ ತಪ್ಪು. ಚಾದರ ಹಿಂಡುವಾಗ ಒಬ್ಬರು ಕೈ ಬಿಟ್ಟರೆ ಅರ್ಧ ಹಿಂಡಿದ ಹಾಗೆ ಆಗುತ್ತಾ? ಏನೂ ಆಗಲ್ಲ. ಒಂದು ಕಡೆ ಕಳಚಿದ್ರೂ ರಾಡ್ ಇಲ್ಲದ ಹಾಗೇ.

ಹುಮನಾಬಾದ್‌ನಲ್ಲಿ ಅಕ್ಕನ ಮನೆ. ಶಾಲೆಗೆ ರಜೆ, ಅಕ್ಕನ ಮಗನನ್ನು ಅಜ್ಜನ ಮನೆಗೆ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಅವನಿಗೆ ಆರು ವರ್ಷ. ಅಕ್ಕನ ಮನೆ ಮುಂದೆ ನೆಲ ಸಮ ಇತ್ತು, ಎರಡು ನಿಮಿಷದ ಕೆಲಸ. ಆದ್ರೆ ಸುಸಲಾ ತಿಂದೆ, ಚಹಾ ಕುಡಿದೆ, ಮರೆತೆ. ಹುಡುಗನನ್ನು ಹಿಂದೆ ಕೂರಿಸಿ ಬೆಲ್ಟ್ ಹಾಕಿ ಹೊರಟೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಆ ಬೆಲ್ಟ್.

ಹುಮನಾಬಾದ್‌ನಿಂದ ನಮ್ಮೂರಿನ ಕಡೆ ಬರೋದು ಪುಣೆ–ಹೈದರಾಬಾದ್ ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 65. ರಾಜೇಶ್ವರ ದಾಟಿ ಸಸ್ತಾಪುರ ಬಂಗ್ಲಾ ಹತ್ತಿರ ಬಸವಕಲ್ಯಾಣಕ್ಕೆ ತಿರುಗಬೇಕು. ಕಬ್ಬಿನ ಸೀಸನ್. ಸ್ಪೀಡ್ ಎಪ್ಪತ್ತರ ಹತ್ತಿರ ಇತ್ತು. ಎದುರಿಗೆ ಕತ್ತಲಲ್ಲಿ ಒಂದು ಕಬ್ಬಿನ ಟ್ರಾಲಿ, ಹಿಂದೆ ದೀಪ ಇಲ್ಲ, ರೇಡಿಯಂ ಪಟ್ಟಿ ಇಲ್ಲ. ಕಂಡಾಗ ತೀರಾ ಹತ್ತಿರ ಬಂದಿದ್ದೆ. ಬ್ರೇಕ್ ಒತ್ತಿ ಸ್ಟೀರಿಂಗ್ ಬಲಕ್ಕೆ ಎಳೆದೆ, ಮತ್ತೆ ಎಡಕ್ಕೆ.

ಗಾಡಿ ವಾಲಿತು. ವಾಲ್ತಾನೇ ಹೋಯ್ತು. ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯ್ತು. ಎಡಕ್ಕೆ ತಿರುಗಿಸಿದಾಗ ಅಷ್ಟೇ ಜೋರಾಗಿ ಇನ್ನೊಂದು ಮಗ್ಗುಲಿಗೆ ಬಿತ್ತು. ಕೆಳಗೆ ಟಣ್ ಅಂತ ಸದ್ದು. ಹಿಂದಿನಿಂದ ಹುಡುಗನ ದನಿ:

“ಮಾಮಾ, ಗಾಡಿ ಯಾಕ ಬೀಳ್ಲತ್ತದ?”

ಬೀಳಲಿಲ್ಲ. ಪಕ್ಕದ ಲೇನ್‌ನಲ್ಲಿ ಯಾರೂ ಇರಲಿಲ್ಲ. ಅದು ನನ್ನ ಡ್ರೈವಿಂಗ್ ಅಲ್ಲ, ಬರೀ ನಸೀಬು. ಪಕ್ಕಕ್ಕೆ ನಿಲ್ಲಿಸಿ ಮೊಬೈಲ್ ಟಾರ್ಚ್ ಹಾಕಿ ಕೆಳಗೆ ನೋಡಿದೆ. ಬೈಂಡಿಂಗ್ ವೈರ್ ಹರಿದಿತ್ತು. ಬಲಗಡೆಯ ತುದಿ ಚಕ್ರದ ಜೊತೆ ಮೇಲೆ ಕೆಳಗೆ ಹೋಗುವಾಗ ರಾಡ್ ತಿರುಗುತ್ತಲ್ಲ, ಆ ಬಲಕ್ಕೆ ವೈರ್ ಯಾವ ಲೆಕ್ಕ? ಬಿಡುಗಡೆಯಾದ ಲಿಂಕ್ ಬೀಸಾಡಿ ಬ್ರೇಕ್ ಹೋಸ್‌ಗೆ ಹೊಡೆದಿತ್ತು. ಹೋಸ್‌ನ ಮೇಲಿನ ರಬ್ಬರ್ ಸೀಳಿತ್ತು. ಆಯಿಲ್ ಇನ್ನೂ ಸೋರಿರಲಿಲ್ಲ. ಅಲ್ಲಿಂದ ಗಾಡಿ ಮುಂದಕ್ಕೆ ಓಡಿಸಲಿಲ್ಲ. ಟೋಯಿಂಗ್ ಗಾಡಿ ಕರೆಸಿದೆ.

ಮರುದಿನ ಅಪ್ಪ ಬಂದ್ರು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ನಾನು ಮಾಡಿದ ಲಿಂಕನ್ನು ವೈಸ್‌ಗೆ ಹಿಡಿದು ದೊಡ್ಡ ಸುತ್ತಿಗೆಯಿಂದ ಎರಡು ಏಟು ಹಾಕಿದ್ರು. ಎರಡನೇ ಏಟಿಗೆ ವೆಲ್ಡ್ ಇದ್ದ ಕಡೆ ಪಟ್ಟನೆ ಬಿಟ್ಟುಕೊಂಡಿತು. ಆ ತುಂಡನ್ನು ನನ್ನ ಕೈಗೆ ಕೊಟ್ಟರು.

“ಒಳಗ ನೋಡು. ಏನ್ ಕಾಣ್ತದ?”

ರಾಡ್‌ನ ತುದಿಯಲ್ಲಿ ನಾನು ಲೇಥ್‌ನಲ್ಲಿ ಕಡೆದ ಗೆರೆಗಳು ಹಾಗೇ ಹೊಳೀತಿದ್ದವು. ಅಂದ್ರೆ ವೆಲ್ಡ್ ಒಳಗೆ ಇಳಿದೇ ಇಲ್ಲ. ಸುತ್ತ ಮೇಲ್ಮೈಗೆ ಅಂಟಿಕೊಂಡಿತ್ತು ಅಷ್ಟೇ. ದಪ್ಪ ರಾಡ್ ಆದ್ರೆ ತುದಿಯನ್ನು ಮೊದಲು ಇಳಿಜಾರಾಗಿ ಕಡೆದು, ಲೋಹ ಬುಡದವರೆಗೆ ತುಂಬೋಕೆ ಜಾಗ ಮಾಡಬೇಕು. ನಾನು ಮಾಡಿರಲಿಲ್ಲ. ಗ್ರೈಂಡರ್ ಹೊಡೆದು ಇದ್ದ ವೆಲ್ಡನ್ನೂ ತೆಳ್ಳಗೆ ಮಾಡಿದ್ದೆ.

“ಪಿನ್ ಹಾಕಿದ್ರೂ ಇದು ಇವತ್ತಲ್ಲ ನಾಳೆ ಮುರೀತಿತ್ತು,” ಅಂದ್ರು ಅಪ್ಪ. “ಬಣ್ಣ ಛಂದ್ ಹಚ್ಚಿದಿ.”

ಆ ಮಾತು ಇನ್ನೂ ಕಿವಿಯಲ್ಲಿದೆ.

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ಜೀಪ್ ಕಂಪನಿ 2007ರ ಮಾದರಿಯಿಂದ ರ‍್ಯಾಂಗ್ಲರ್ ರೂಬಿಕಾನ್‌ಗೆ ಬಟನ್ ಒತ್ತಿದ್ರೆ ಮುಂದಿನ ಬಾರ್ ಕಳಚುವ ವ್ಯವಸ್ಥೆ ಕೊಟ್ಟಿದೆ. ವೇಗ ಗಂಟೆಗೆ ಸುಮಾರು 29 ಕಿ.ಮೀ. ದಾಟಿದ್ರೆ ಅದು ತಾನೇ ಮತ್ತೆ ಜೋಡಿಕೊಳ್ಳುತ್ತೆ. ಯಾಕೆ? ಮನುಷ್ಯ ಮರೀತಾನೆ ಅಂತ ಅವರಿಗೆ ಗೊತ್ತು. ನನ್ನ ಟ್ರ್ಯಾಕ್ಟರ್ ಪಿನ್‌ಗೆ ಅದು ಗೊತ್ತಿರಲಿಲ್ಲ.

ಎರಡನೆಯದು, ನಿಮಗೆ ಇದು ಬೇಕಾ ಅಂತ ಮೊದಲು ಕೇಳಿಕೊಳ್ಳಿ. 2020ರಲ್ಲಿ ಬಂದ ಥಾರ್‌ನ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಡಬಲ್ ವಿಶ್‌ಬೋನ್. ಅಲ್ಲಿ ಚಕ್ರ ಎಷ್ಟು ಇಳೀಬೇಕು ಅನ್ನೋದನ್ನು ಮುಖ್ಯವಾಗಿ ಆ ಆರ್ಮ್‌ಗಳೇ ತೀರ್ಮಾನ ಮಾಡ್ತವೆ, ಬಾರ್ ಕಳಚಿ ಸಿಗುವ ಲಾಭ ಕಡಿಮೆ. 2023ರ ಜೂನ್‌ನಲ್ಲಿ ಬಂದ ಜಿಮ್ನಿಗೆ ಇಡೀ ಆಕ್ಸಲ್ ಇದೆ ನಿಜ. ಆದ್ರೆ ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುವ ಬ್ರೇಕ್ ಎಲ್‌ಎಸ್‌ಡಿ ಕೂಡ ಇದೆ. ಚಕ್ರ ಎತ್ತಿದ್ರೂ ಗಾಡಿ ಹೋಗುತ್ತೆ. ನಮ್ಮ ಖಣಿ, ಹಳ್ಳ, ಎರೆ ಮಣ್ಣಿಗೆ ಟೈರ್ ಗಾಳಿ ಇಪ್ಪತ್ತು ಪಿಎಸ್‌ಐ ಆಸುಪಾಸಿಗೆ ಇಳಿಸಿ, ನಿಧಾನ ಹೋಗಿ, ಒಬ್ಬ ಗೆಳೆಯ ಮುಂದೆ ನಿಂತು ದಾರಿ ತೋರಿಸಿದ್ರೆ ಮುಕ್ಕಾಲು ಕೆಲಸ ಆಗುತ್ತೆ. ಹೆದ್ದಾರಿಗೆ ಬರುವ ಮುಂಚೆ ಗಾಳಿ ತುಂಬಿಸಬೇಕು, ಅದನ್ನಂತೂ ಮರೀಬೇಡಿ.

ಮೂರನೆಯದು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮಕ್ಕೆ ವಿರುದ್ಧವಾಗಿ ಬಿಡಿಭಾಗ ಹಾಕಿ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಬಂತು. ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದೂ ಇಂಥ ಪ್ರಶ್ನೆಯನ್ನೇ.

ಇಷ್ಟಾದ ಮೇಲೂ ಕಳಚಿಯೇ ಕಳಚ್ತೀನಿ ಅನ್ನುವವರಿಗೆ ಅಪ್ಪ ಹೇಳಿದ್ದು ಇಷ್ಟು. ಎರಡೂ ಕಡೆ ಕಳಚು, ತುದಿಗಳನ್ನು ಗಟ್ಟಿ ಕ್ಲಾಂಪ್‌ಗೆ ಹಾಕು, ವೈರ್ ಬೇಡ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಬ್ರೇಕ್ ಹೋಸ್ ಬಿಗಿಯುತ್ತಾ ಅಂತ ಜ್ಯಾಕ್ ಹಾಕಿ ನೋಡು. ಕಳಚಿದ ಕ್ಷಣವೇ ಸ್ಟೀರಿಂಗ್‌ಗೆ ಕೆಂಪು ಬಟ್ಟೆ ಕಟ್ಟು. ಪಿನ್ ಹಾಕದೆ ಬಟ್ಟೆ ಬಿಚ್ಚಬೇಡ, ಬಟ್ಟೆ ಬಿಚ್ಚದೆ ಡಾಂಬರ್ ಹತ್ತಬೇಡ.

ಕೊನೆಯ ಮಾತು. ಆ ಇಬ್ಬರು ಗೆಳೆಯರಿಗೆ ಅವತ್ತೇ ಫೋನ್ ಮಾಡಿದೆ. ನಾನು ಮಾಡಿದ ಲಿಂಕ್ ತೆಗೆದುಬಿಡಿ ಅಂದೆ. ಒಬ್ಬ ಸಂಜೆಯೇ ತಂದುಕೊಟ್ಟ. ಇನ್ನೊಬ್ಬ ನಕ್ಕ. “ಏ, ನಂದ್ ಏನೂ ಆಗಿಲ್ಲ ಬಿಡು, ಭಾರಿ ಅಂಜಾಂವ ಇದ್ದಿ” ಅಂದ. ಆಮೇಲೆ ಫೋನ್ ಎತ್ತುತ್ತಿಲ್ಲ. ಆ ವೆಲ್ಡ್ ಈಗಲೂ ನಮ್ಮ ರಸ್ತೆಯಲ್ಲಿ ಓಡಾಡ್ತಾ ಇದೆ. ಅದರ ಒಳಗೆ ಏನಿದೆ ಅಂತ ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ನೀನು ಪಾಡ್‌ಕಾಸ್ಟ್ ಕೇಳ್ತೀಯ ಅಂತ ಗೊತ್ತು. ಅದಕ್ಕೇ ಇಲ್ಲಿ ಹೇಳ್ಲತ್ತೀನಿ. ಗಾಡಿ ತಗೊಂಡು ಲೇಥ್ ಕಡೆ ಬಾ. ಕಂಪನಿ ಲಿಂಕ್ ನಾನೇ ತಂದು ಇಟ್ಟೀನಿ, ನಾನೇ ಹಾಕಿಕೊಡ್ತೀನಿ. ದುಡ್ಡು ಬೇಡ. ಚಹಾ ಕುಡಿದು ಹೋಗು.